ತಾರೆಗುಡ್ಡದ ಸೊಪ್ಪು

ಎಮ್ಮೆ ಹಾಲು ಇಳಿಸಲಿಲ್ಲ. ಸಿದ್ದಯ್ಯ ಕರುವನ್ನು ಇನ್ನೊಮ್ಮೆ ಬಿಟ್ಟು ಎಳೆದು ಕಟ್ಟಿ, ಕೆಚ್ಚಲಿಗೆ ನೀರು ಚಿಮುಕಿಸಿ, ಚೊಂಬನ್ನು ಮೊಣಕಾಲ ಸಂದಿಯಲ್ಲಿ ಇಟ್ಟುಕೊಂಡು ಮತ್ತೆ ಕೂತ. ಎಮ್ಮೆ ಕತ್ತು ತಿರುಗಿಸಿ ಅವನನ್ನು ನೋಡಿ ಕಾಲು ಝಾಡಿಸಿತು. ಒಳಗೆ ನಡುಮನೆಯಲ್ಲಿ ಹೆಂಗಸರು ಅಳುತ್ತಿದ್ದರು. ಯಾರಾದರೂ ಹೊಸಬರು ಹೊಸ್ತಿಲು ದಾಟಿದಾಗ ಅಳು ಏರುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಅದು ತನ್ನ ಮನೆಯ ಅಳು, ಸತ್ತಿರುವವಳು ತನ್ನ ಹೆಂಡತಿ ಎಂಬುದು ಅವನಿಗೆ ಗೊತ್ತಿತ್ತು. ಭದ್ರಾವತಿಯ ಸಂತೆ ಯಾವ ವಾರ ಎಂಬುದು ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೆ.

"ಬಿಡು ಮಾರಾಯ, ಕರು ಕುಡೀಲಿ," ಎಂದರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಪಟೇಲ ಗಣಪಯ್ಯ. "ಅದು ಅವಳ ಕೈ ಕಂಡಿರೋ ಎಮ್ಮೆ. ನಿನಗೆ ಕೊಡಲ್ಲ."

"ಕೆಚ್ಚಲು ಬಿಗಿದಿದೆ ಪಟೇಲ್ರೇ. ಹಂಗೇ ಬಿಟ್ರೆ ಬಾವು ಬರುತ್ತೆ."

"ಅದಕ್ಕೇ ಕರು ಇರೋದು. ಏಳು. ಜನ ಬಂದು ಕೂತಿದಾರೆ."

ಸಿದ್ದಯ್ಯ ಖಾಲಿ ಚೊಂಬಿನೊಳಗೆ ನೋಡಿದ. ಕರುವಿನ ಹಗ್ಗ ಬಿಚ್ಚಿ, ಅದು ನುಗ್ಗಿ ಬಾಯಿ ಹಾಕುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಪಟೇಲರ ಹಿಂದೆ ಹೊರಟ.

ಪುಟ್ಟಲಕ್ಷ್ಮಿ ಸತ್ತದ್ದು ಕೋಳಿ ಕೂಗುವ ಮುಂಚೆ. ಬೇಸಿಗೆ ಪೂರಾ ಬಿಟ್ಟು ಬಿಟ್ಟು ಬರುತ್ತಿದ್ದ ಚಳಿಜ್ವರ ಕೊನೆಕೊನೆಗೆ ಬಿಡುವುದನ್ನೇ ನಿಲ್ಲಿಸಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಹೊನ್ನಯ್ಯ ಕ್ವಿನೈನು ತಂದುಕೊಟ್ಟಿದ್ದ. ಅವಳು ಮುಖ ಸಿಂಡರಿಸಿಕೊಂಡು ನುಂಗಿದ್ದಳು. ಕೊನೆಯಲ್ಲಿ ಅಂದದ್ದು, "ಇನ್ನೊಂದು ಕಂಬಳಿ ಹೊದ್ಸಿ" ಎಂದಷ್ಟೆ. ಸಿದ್ದಯ್ಯ ಹೊದಿಸಿ ಗೋಡೆಗೆ ಒರಗಿದವನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ನಡುಕ ನಿಂತಿತ್ತು. ಜ್ವರ ಬಿಟ್ಟಿತು ಅಂದುಕೊಂಡು ಅವನು ಮೇಲಿನ ಕಂಬಳಿಯನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ. ಮಡಿಸಿಟ್ಟ ಮೇಲೆಯೇ ಅವಳ ಹಣೆ ಮುಟ್ಟಿ ನೋಡಿದ್ದು.

ಜಗಲಿಯ ಮೇಲೆ ಗಂಡಸರು ಕೂತಿದ್ದರು. ಹೊನ್ನಯ್ಯ ಬೆಳಕು ಹರಿಯುವ ಹೊತ್ತಿಗೇ ಜನ್ನಾಪುರದ ಬಾಡಿಗೆ ಕೋಣೆಯಿಂದ ಸೈಕಲ್ಲು ತುಳಿದುಕೊಂಡು ಬಂದವನು, ಕಾರ್ಖಾನೆಯ ಮಸಿ ಹಿಡಿದ ಅಂಗಿಯಲ್ಲೇ ಕಂಬಕ್ಕೆ ತಲೆ ಕೊಟ್ಟು ಕೂತಿದ್ದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. ಮಗನಿಗೆ ಅಳು ಬಂದಿದೆ, ತನಗೆ ಯಾಕೆ ಬಂದಿಲ್ಲ ಎಂದು ಸಿದ್ದಯ್ಯ ಒಮ್ಮೆ ಯೋಚಿಸಿದ. ಯೋಚನೆ ಅಲ್ಲಿಗೇ ನಿಂತಿತು.

"ಹೊಳಲೂರಿಗೆ ಯಾರು ಹೋದ್ರು?" ಗಣಪಯ್ಯ ಕೇಳಿದರು. ಸಿದ್ದಯ್ಯನ ಮಗಳು ಪ್ರೇಮಮ್ಮನನ್ನು ಕೊಟ್ಟದ್ದು ಶಿವಮೊಗ್ಗದ ಆಚೆಯ ಹೊಳಲೂರಿಗೆ.

"ನಮ್ಮ ಚಿಕ್ಕಪ್ಪನ ಮಗ ಹೋಗಿದಾನೆ," ಎಂದ ಹೊನ್ನಯ್ಯ. "ಅವನು ಹೋಗಿ ಮುಟ್ಟಿ, ಅವರು ಗಾಡಿ ಕಟ್ಕೊಂಡು ಶಿವಮೊಗ್ಗ ದಾಟಿ ಬರಬೇಕು. ಹೊತ್ತು ಇಳಿದು ಹೋಗುತ್ತೆ."

"ಹೋಗ್ಲಿ. ಸಂಜೆ ಎತ್ತೋಣ. ಹೆಣ್ಣುಮಗಳು ತಾಯಿ ಮುಖ ನೋಡದೆ ಹೆಂಗೆ ಎತ್ತೋದು?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಆಗ ಬಾಗಿಲ ಮರೆಯಿಂದ ಸೊಸೆ ಶಾಂತಮ್ಮನ ದನಿ ಬಂತು.

"ಮಾವ, ಇವತ್ತು ಅಮಲ್ದಾರ್ ಸಾಹೇಬ್ರು ಗುಡ್ಡಕ್ಕೆ ಬರೋ ದಿನ."

ಸಾವಿನ ಗದ್ದಲದಲ್ಲಿ ಎಲ್ಲರೂ ಅದನ್ನು ಮರೆತಿದ್ದರು.

ಮಾಚೇನಹಳ್ಳಿಯಿಂದ ಭದ್ರಾವತಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗಿದ್ದ ತಾರೆಕೊಪ್ಪಕ್ಕೆ ಗದ್ದೆಯೇ ಜೀವ, ಗದ್ದೆಗೆ ತಾರೆಗುಡ್ಡದ ಸೊಪ್ಪೇ ಗೊಬ್ಬರ. ರೋಹಿಣಿ ಮಳೆಯ ಹೊತ್ತಿಗೆ ಊರಿನ ಹೆಂಗಸರು ಗುಡ್ಡ ಹತ್ತಿ ಮತ್ತಿ, ಹೊನ್ನೆ, ಕಕ್ಕೆಯ ಚಿಗುರು ರೆಂಬೆಗಳನ್ನು ಕೊಯ್ದು ತಂದು ಗದ್ದೆಯ ಬದುವಿನ ಮೇಲೆ ಒಟ್ಟುತ್ತಿದ್ದರು. ಮಳೆ ಬಿದ್ದು ಗದ್ದೆ ಕೆಸರಾದಾಗ ಅದನ್ನು ತುಳಿದು ಮಣ್ಣಿಗೆ ಸೇರಿಸುವುದು. ಈ ಹಕ್ಕು ಊರಿನದು ಎಂದು ಶಿವಮೊಗ್ಗದ ಕೋರ್ಟು ತೀರ್ಪು ಕೊಟ್ಟು ಎಂಟು ವರ್ಷವಾಗಿತ್ತು. ಆದರೆ ತೀರ್ಪಿನಲ್ಲಿ ಒಂದು ಮಾತಿತ್ತು: ವಾಡಿಕೆಯನ್ನು ನಡೆಸಿಕೊಂಡು ಬರುವವರೆಗೆ ಮಾತ್ರ ಈ ಹಕ್ಕು. ಈಗ ಯುದ್ಧ ಶುರುವಾದ ಮೇಲೆ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೇಕಾದ ಇದ್ದಿಲಿಗೆ ಎಲ್ಲಿಲ್ಲದ ಗಿರಾಕಿ. ಇದ್ದಿಲಿನ ಕಂಟ್ರಾಕ್ಟರು ಕೊಟ್ರಬಸಪ್ಪ ಮೇಲಿನವರಿಗೆ ಅರ್ಜಿ ಹಾಕಿದ್ದ: ತಾರೆಕೊಪ್ಪದ ಗಂಡಸರೆಲ್ಲ ಕೂಲಿಗೆ ಭದ್ರಾವತಿ ಸೇರಿದ್ದಾರೆ, ಸೊಪ್ಪು ತುಳಿಯುವುದು ನಿಂತುಹೋಗಿದೆ, ಗುಡ್ಡವನ್ನು ಕಡಿಯಲು ನನಗೆ ಕೊಡಿ, ಎಂದು. ತಾಲ್ಲೂಕಿನ ಅಮಲ್ದಾರರು ಕಣ್ಣಾರೆ ನೋಡಿಯೇ ಬರೆಯುತ್ತೇನೆಂದು ದಿನ ಗೊತ್ತುಮಾಡಿ ಊರಲ್ಲಿ ಡಂಗುರ ಹೊಡೆಸಿದ್ದರು.

"ಹೇಳಿ ಕಳಿಸೋಣ," ಎಂದ ಹೊನ್ನಯ್ಯ. "ಮನೇಲಿ ಸಾವಾಗಿದೆ, ಇನ್ನೊಂದಿನ ಬನ್ನಿ ಅಂತ. ಅವರೂ ಮನುಷ್ಯರೇ."

"ಅವರ ಜೊತೆ ಬರ್ತಿರೋನು ಕೊಟ್ರಬಸಪ್ಪ," ಎಂದಳು ಶಾಂತಮ್ಮ. "ಹಳ್ಳಿಯೋರು ಹೇಳೋ ನೆಪ ಸ್ವಾಮಿ ಅಂತಾನೆ. ಮಳೆ ಹಿಡಿದ್ರೆ ಸಾಹೇಬ್ರು ಮತ್ತೆ ಈ ದಾರಿ ಹಿಡೀತಾರಾ? ಯಾರೂ ಇರಲಿಲ್ಲ ಅಂತ ಬರ್ದು ಕಳಿಸ್ತಾರೆ. ಅಲ್ಲಿಗೆ ಮುಗೀತು."

ಗಣಪಯ್ಯ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಊರಲ್ಲಿ ಹೆಣ ಇಟ್ಕೊಂಡು ಕುಡುಗೋಲು ಹಿಡಿಯೋದು ಈ ಊರಿಗಿಲ್ಲ ತಾಯಿ. ಹೆಣ ಎತ್ತೋವರೆಗೆ ನೇಗಿಲು ಕಟ್ಟಂಗಿಲ್ಲ, ಕುಡುಗೋಲು ಮುಟ್ಟಂಗಿಲ್ಲ. ಸೊಪ್ಪಿನದು ಹಿಂದಿನಿಂದ ಬಂದ ವಾಡಿಕೆ ಅಂತ ಕೋರ್ಟಲ್ಲಿ ದೇವರ ಮೇಲೆ ಆಣೆ ಇಟ್ಟು ಹೇಳಿದೋನು ನಾನು. ಇದೂ ಹಿಂದಿನಿಂದ ಬಂದಿದ್ದೇ. ಒಂದು ಉಳಿಸ್ಕೊಳ್ಳೋಕೆ ಇನ್ನೊಂದು ಮುರಿ ಅಂತೀಯಾ?"

"ಹೋಗ್ಲಿ ಬಿಡಿ ಆ ಸೊಪ್ಪು!" ಹೊನ್ನಯ್ಯನ ದನಿ ಒಡೆಯಿತು. "ಅವ್ವನ ಮುಖಕ್ಕಿಂತ ಹೆಚ್ಚಾ ಅದು? ಹಿಂಡಿ ತಂದು ಹಾಕ್ತೀನಿ ಗದ್ದೆಗೆ."

"ನೀವು ಹಾಕ್ತೀರಿ," ಎಂದಳು ಶಾಂತಮ್ಮ ಒಳಗಿನಿಂದಲೇ. "ಊರಲ್ಲಿ ಎಲ್ಲಾರ ಮನೇಲೂ ಫ್ಯಾಕ್ಟ್ರಿ ಸಂಬಳ ಬರುತ್ತಾ?"

ಈಗ ಎಲ್ಲರೂ ಸಿದ್ದಯ್ಯನ ಕಡೆ ತಿರುಗಿದರು. ಸಾವಿನ ಮನೆಯ ಯಜಮಾನ ಅವನು. ಹೆಣ ಎತ್ತುವ ಹೊತ್ತು ಹೇಳಬೇಕಾದವನು ಅವನೇ. ಸಿದ್ದಯ್ಯ ಕಂಬದ ಬುಡದಲ್ಲಿ ಒಣಗಿದ್ದ ಸಗಣಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಅದನ್ನು ಪೂರ್ತಿ ತೆಗೆದು ಮುಗಿಸಬೇಕು ಅನ್ನಿಸುತ್ತಿತ್ತು.

*

ಹತ್ತು ವರ್ಷದ ಹಿಂದೆ, ಅರಣ್ಯದವರು ತಾರೆಗುಡ್ಡದ ಸುತ್ತ ಗಡಿ ಕಲ್ಲು ನೆಟ್ಟ ವರ್ಷ ಅದು. ಕಲ್ಲಿನ ಒಳಗಿನದೆಲ್ಲ ಸರ್ಕಾರದ್ದು, ಸೊಪ್ಪಿಗೆ ಪಾಸು ಬೇಕು ಎಂದು ಯಾರೋ ಬಂದು ಹೇಳಿ ಹೋಗಿದ್ದರು. ಹೇಳಿದ್ದು ಗಂಡಸರಿಗೆ. ಸೊಪ್ಪಿಗೆ ಹೋಗುವವರು ಹೆಂಗಸರು. ಅವರು ಎಂದಿನಂತೆ ಹೋದರು.

ಗಾರ್ಡು ಮರೆಯಿಂದ ಎದ್ದು ಕೂಗಿದಾಗ ಉಳಿದವರೆಲ್ಲ ಹೊರೆ ಬಿಸಾಕಿ ಓಡಿದರು. ಪುಟ್ಟಲಕ್ಷ್ಮಿ ಓಡಲಿಲ್ಲ. ಸುದ್ದಿ ತಿಳಿದು ಸಿದ್ದಯ್ಯ ಏದುಸಿರು ಬಿಡುತ್ತ ಗುಡ್ಡ ಹತ್ತಿದಾಗ, ಅವಳು ಗಡಿ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಗಾರ್ಡು ಅವಳ ಕುಡುಗೋಲು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ. ಯಾರು ಯಾರನ್ನು ಹಿಡಿದಿದ್ದಾರೆ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

"ನೋಡಪ್ಪ, ನಿನ್ನ ಹೆಂಡ್ತಿಗೆ ಹೇಳು," ಎಂದ ಗಾರ್ಡು. "ದಂಡ ಕಟ್ಟಿದ್ರೆ ಇಲ್ಲೇ ಬಿಡ್ತೀನಿ. ನನಗೂ ಚೌಕಿವರೆಗೆ ನಡೆಯೋದು ತಪ್ಪುತ್ತೆ."

ಸಿದ್ದಯ್ಯ ದುಡ್ಡಿಗಾಗಿ ಸೊಂಟದ ಎಲೆಚೀಲಕ್ಕೆ ಕೈ ಹಾಕಿದ.

"ಕದ್ದಿದ್ರೆ ಕಟ್ಟಿ," ಎಂದಳು ಪುಟ್ಟಲಕ್ಷ್ಮಿ. ದನಿ ಏರಿಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. "ನಿಮ್ಮವ್ವ ಇಲ್ಲಿಂದಲೇ ಸೊಪ್ಪು ತರ್ತಿದ್ರು. ಮದುವೆಯಾಗಿ ಬಂದ ವರ್ಷ ನನ್ನನ್ನ ಕೈ ಹಿಡ್ಕೊಂಡು ಬಂದು ಯಾವ ಮರದ್ದು ಕೊಯ್ಬೇಕು, ಎಷ್ಟು ಬಿಡಬೇಕು ಅಂತ ತೋರ್ಸಿದ್ರು. ಈಗ ನೀವು ದಂಡ ಕಟ್ಟಿದ್ರೆ ಅವರೂ ಕಳ್ಳಿ ಅಂತ ಒಪ್ಕೊಂಡ ಹಾಗೆ. ಕಟ್ತೀರಾ?"

ಸಿದ್ದಯ್ಯ ಕೈಯನ್ನು ಎಲೆಚೀಲದಿಂದ ಈಚೆಗೆ ತೆಗೆದ. ಅವನಿಗೆ ಧೈರ್ಯ ಬಂದು ತೆಗೆದದ್ದಲ್ಲ. ಗಾರ್ಡಿನ ಮುಂದೆ ಇರುವ ಹೆದರಿಕೆಗಿಂತ, ಮನೆಗೆ ಹೋದ ಮೇಲೆ ಅವಳು ಮಾತಾಡದೆ ಬಡಿಸುವ ಊಟದ ಹೆದರಿಕೆ ಹೆಚ್ಚಾಗಿತ್ತು.

"ಹಾಗಾದ್ರೆ ಚೌಕಿಗೆ ನಡಿ," ಎಂದ ಗಾರ್ಡು.

"ನಡೀರಿ. ಕುಡುಗೋಲು ಹುಷಾರಾಗಿ ಹಿಡ್ಕೊಳ್ಳಿ, ಹಿಡಿ ಸಡಿಲ ಇದೆ."

ಮೂವರೂ ಭದ್ರಾವತಿಯ ದಾರಿ ಹಿಡಿದರು. ಮುಂದೆ ಗಾರ್ಡು, ನಡುವೆ ಅವಳು, ಹಿಂದೆ ಸಿದ್ದಯ್ಯ. ಅಂದಿನಿಂದ ಕೇಸು ಮುಗಿಯುವವರೆಗೂ ಅವನು ಹೀಗೆಯೇ ಅವಳ ಹಿಂದೆ ನಡೆದ. ಊರು ಅವಳನ್ನು ಕೇಸಿನಮ್ಮ ಎಂದಿತು, ಅವನನ್ನು ಕೇಸಿನಮ್ಮನ ಗಂಡ ಎಂದಿತು.

*

"ಎತ್ತಿಬಿಡಿ," ಎಂದ ಸಿದ್ದಯ್ಯ.

ಯಾರಿಗೂ ಸರಿಯಾಗಿ ಕೇಳಲಿಲ್ಲ. ಗಣಪಯ್ಯ ಮುಂದೆ ಬಾಗಿದರು.

"ಈಗಲೇ ಎತ್ತಿಬಿಡಿ. ಹೆಣ ಎತ್ತಿದ ಮೇಲೆ ಊರಿನೋರು ಕುಡುಗೋಲು ಮುಟ್ಟಬಹುದಲ್ಲ ಪಟೇಲ್ರೇ? ಹೆಂಗಸರು ಹೆಂಗೂ ಮಣ್ಣಿಗೆ ಬರಲ್ಲ. ಅವರು ಗುಡ್ಡಕ್ಕೆ ಹೋಗ್ಲಿ. ನಾವು ಕೆರೆ ಕಡೆ ಹೋಗೋಣ."

"ಪ್ರೇಮ?" ಎಂದ ಹೊನ್ನಯ್ಯ.

ಸಿದ್ದಯ್ಯ ಉಗುರಿಗೆ ಹತ್ತಿದ್ದ ಸಗಣಿಯನ್ನು ಪಂಚೆಗೆ ಒರೆಸಿಕೊಂಡ.

"ಅಪ್ಪ, ಪ್ರೇಮ ಬಂದು ಕೇಳಿದ್ರೆ ಏನು ಹೇಳ್ತೀಯ? ಜೀವನ ಪೂರ್ತಿ ಕೇಳ್ತಾಳೆ ಅವಳು."

"ಕೇಳ್ತಾಳೆ," ಎಂದ ಸಿದ್ದಯ್ಯ.

ಹೊನ್ನಯ್ಯ ಎದ್ದು ಅಂಗಳಕ್ಕೆ ಇಳಿದು ಬೆನ್ನು ತಿರುಗಿಸಿ ನಿಂತ. ಗಣಪಯ್ಯ ಬಹಳ ಹೊತ್ತು ರುಮಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿ, ಕೊನೆಗೆ ಅದನ್ನು ತಲೆಗೆ ಸುತ್ತಿಕೊಂಡರು. "ಆಗಬಹುದು. ವಾಡಿಕೆಗೆ ತಪ್ಪಿಲ್ಲ. ಆದ್ರೆ ನಿನ್ನ ಸೊಸೆಗೆ ಸೂತಕ. ಅವಳು ಹೋಗಂಗಿಲ್ಲ."

"ಗಡಿ ಕಲ್ಲು ಎಲ್ಲಿಂದ ಎಲ್ಲಿಗೆ ಅಂತ ಈಗಿನ ಹೆಂಗಸರಲ್ಲಿ ಗೊತ್ತಿರೋದು ಅವಳಿಗೆ ಒಬ್ಬಳಿಗೇ," ಎಂದ ಸಿದ್ದಯ್ಯ. "ಅತ್ತೆ ತೋರ್ಸಿದಾಳೆ."

"ತೋರ್ಸೋಕೆ ಹೋಗ್ಲಿ ಹಾಗಾದ್ರೆ. ಕುಡುಗೋಲು ಮುಟ್ಟೋದು ಬೇಡ."

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಗುಂಡಿ ತೋಡಲು ಹಾರೆ ಗುದ್ದಲಿ ಹೊರಟವು. ಅಂಗಳದ ಮೂಲೆಯಲ್ಲಿ ಹಂಡೆಯ ನೀರು ಕಾಯಿತು. ಹೆಂಗಸರು ಸೀರೆಯ ಮರೆ ಹಿಡಿದು ಅವಳಿಗೆ ಮೀಯಿಸಿದರು, ಅರಿಶಿನ ಹಚ್ಚಿದರು, ಕೈಗೆ ಹಸಿರು ಬಳೆ ತೊಡಿಸಿದರು. ಒಂದು ಬಳೆ ಚಟ್ಟನೆ ಒಡೆದಾಗ ಯಾರೋ "ನಿಧಾನ ಕಣೇ, ನೋವಾಗುತ್ತೆ" ಎಂದುಬಿಟ್ಟು, ಆಮೇಲೆ ಜೋರಾಗಿ ಅತ್ತರು.

"ಮುತ್ತೈದೆಯಾಗಿ ಹೋದಳು. ಪುಣ್ಯವಂತೆ," ಎಂದಳು ಪಕ್ಕದ ಮನೆಯ ಮುದುಕಿ ಸುಭದ್ರಮ್ಮ. "ಬಾ ಸಿದ್ದಣ್ಣ, ಕುಂಕುಮ ನೀನು ಇಡಬೇಕು."

ಸಿದ್ದಯ್ಯ ಬಾಗಿ ಕುಂಕುಮ ಇಟ್ಟ. ಬೆರಳಿಗೆ ಹೆಚ್ಚು ಹತ್ತಿತ್ತು. ಒಂದಿಷ್ಟು ಅವಳ ಮೂಗಿನ ಮೇಲೆ ಉದುರಿತು. ಹೆಗಲ ಟವಲಿನ ತುದಿಯಿಂದ ಅದನ್ನು ಒರೆಸಿದ. ಪೂರ್ತಿ ಹೋಗಲಿಲ್ಲ. ಇನ್ನೊಮ್ಮೆ ಒರೆಸಿದ. ಮೂಗು ತಣ್ಣಗಿತ್ತು, ಮುಂಜಾನೆಯ ಹೊಸ್ತಿಲ ಹಾಗೆ. ಸುಭದ್ರಮ್ಮ ಅವನ ಕೈ ಹಿಡಿದು, "ಸಾಕು, ಸಾಕು ಬಿಡು," ಎನ್ನುವವರೆಗೂ ಅವನು ಒರೆಸುತ್ತಲೇ ಇದ್ದ.

ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಬೀದಿಯ ತುದಿಯವರೆಗೆ ಹೆಂಗಸರೂ ಬಂದರು. ಅಲ್ಲಿ ದಾರಿ ಕವಲಾಗುತ್ತದೆ: ಒಂದು ಕೆರೆಯ ಕೆಳಗಿನ ಸ್ಮಶಾನಕ್ಕೆ, ಇನ್ನೊಂದು ಗುಡ್ಡಕ್ಕೆ. ಹೊತ್ತವರು ಪದ್ಧತಿಯಂತೆ ಚಟ್ಟವನ್ನು ಒಮ್ಮೆ ಇಳಿಸಿ, ತಲೆ ಕಾಲಿನ ದಿಕ್ಕು ಬದಲಾಗುವಂತೆ ತಿರುಗಿಸಿ, ಮತ್ತೆ ಎತ್ತಿಕೊಂಡರು. ಹೆಂಗಸರು ಅಲ್ಲೇ ನಿಂತರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೇಲಿಯ ಬದಿಗೆ ಹಿಂದಿನ ಸಂಜೆಯೇ ಒರಗಿಸಿಟ್ಟಿದ್ದ ಕುಡುಗೋಲುಗಳನ್ನು ಒಬ್ಬೊಬ್ಬರಾಗಿ ಎತ್ತಿಕೊಂಡರು. ಶಾಂತಮ್ಮ ಬರಿಗೈಯಲ್ಲಿ ಮುಂದೆ ನಡೆದಳು. ಸಿದ್ದಯ್ಯ ತಿರುಗಿ ನೋಡಿದ. ಮಂಡಕ್ಕಿ ಎರಚುತ್ತಿದ್ದವನು ಅವನ ಬೆನ್ನು ತಟ್ಟಿ, "ಹಿಂದೆ ನೋಡಬಾರದು ದೊಡ್ಡಪ್ಪ," ಎಂದ.

*

ಕೋರ್ಟಿನ ಜವಾನ ಮೂರು ಸಲ ಕೂಗುತ್ತಿದ್ದ: "ಪುಟ್ಟಲಕ್ಷ್ಮಿ ಕೋಂ ಸಿದ್ದಯ್ಯ!" ಮೊದಲ ಸಲ ಶಿವಮೊಗ್ಗದ ಆ ಪಡಸಾಲೆಯಲ್ಲಿ ತನ್ನ ಹೆಸರು ಕೇಳಿದಾಗ ಸಿದ್ದಯ್ಯ ತಾನೇ ಎದ್ದು ನಿಂತಿದ್ದ. "ನೀನಲ್ಲ, ಅವಳು," ಎಂದು ಜವಾನ ಅವನನ್ನು ಕೂರಿಸಿದ್ದ.

ಕೆಳಗಿನ ಕೋರ್ಟು ತಪ್ಪಿತಸ್ಥೆ ಎಂದಿತು. ಹೆಂಗಸೆಂದು ಕನಿಕರಪಟ್ಟು, ಕೋರ್ಟು ಏಳುವವರೆಗೆ ಕೂತಿರುವುದೇ ಶಿಕ್ಷೆ ಎಂದಿತು. ಅವಳು ಪಡಸಾಲೆಯ ನೆಲದ ಮೇಲೆ ಸಂಜೆಯವರೆಗೆ ಕೂತಳು. ಎಲ್ಲರೂ ಎದ್ದು ಹೊರಟಾಗ ಜವಾನ ಹೇಳಿದ, "ಹೋಗಮ್ಮ, ಮುಗೀತು."

"ಮುಗೀತು ಅಂದ್ರೆ? ಕಳ್ಳಿ ಅಂತ ಬರ್ದಿದ್ದು ಹೊಡೆದು ಹಾಕಿದ್ರಾ?"

"ಅದು ಹಂಗೇ ಇರುತ್ತೆ."

"ಹಾಗಾದ್ರೆ ಮುಗೀಲಿಲ್ಲ," ಎಂದು ಅವಳು ಮತ್ತೆ ಕೂತಳು.

ಕರಿಕೋಟು ಕೈಯಲ್ಲಿ ಹಿಡಿದು ಮನೆಗೆ ಹೊರಟಿದ್ದ ವಕೀಲ ಯಜ್ಞನಾರಾಯಣರು ಅದನ್ನು ಕೇಳಿಸಿಕೊಂಡು ನಿಂತರು. ಅವರಿಗೆ ಆಗ ದೊಡ್ಡ ಹೆಸರೇನೂ ಇರಲಿಲ್ಲ, ಪುರುಸೊತ್ತು ಬೇಕಾದಷ್ಟಿತ್ತು. ಅವಳ ಎದುರಿಗೆ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದರು. ಶಿಕ್ಷೆಯ ಮೇಲೆ ಹೋರಾಡಿ ಪ್ರಯೋಜನವಿಲ್ಲ, ಊರಿನ ವಾಡಿಕೆಯನ್ನು ಕಾಯಂ ಮಾಡಿಕೊಡಿ ಎಂದೇ ದಾವೆ ಹೂಡಬೇಕು ಎಂದರು. ದಾವೆ ಎರಡು ಮಳೆಗಾಲ ನಡೆಯಿತು. ವಾಯಿದೆ ಇದ್ದಾಗಲೆಲ್ಲ ಅವಳು ಬೆಳಗಿನ ಗಂಜಿ ಕುಡಿದು, ಬುತ್ತಿ ಕಟ್ಟಿಕೊಂಡು, ಶಿವಮೊಗ್ಗಕ್ಕೆ ನಡೆದು ಹೋಗಿ ನಡೆದು ಬಂದಳು. ಬುತ್ತಿ ಬಿಚ್ಚಿದಾಗ ಚಟ್ನಿ ಹೆಚ್ಚಾಗಿ ಸಿದ್ದಯ್ಯನ ಪಾಲಿಗೆ ಬರುತ್ತಿತ್ತು. ಒಮ್ಮೆ ತುಂಗಾ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತ, "ಎಷ್ಟೊಂದು ನೀರು ಸುಮ್ನೆ ಹೋಗುತ್ತಲ್ಲ," ಎಂದಿದ್ದಳು. ಕೇಸಿನ ದಿನಗಳಲ್ಲಿ ಅವರಿಬ್ಬರೂ ಆಡಿದ ಬೇರೆ ಮಾತುಗಳು ಅವನಿಗೆ ಹೆಚ್ಚು ನೆನಪಿಲ್ಲ.

ಎದುರಿನ ವಕೀಲರು ಕಟಕಟೆಯಲ್ಲಿದ್ದ ಅವಳನ್ನು ಕೇಳಿದ್ದರು: "ಗದ್ದೆ ಯಾರ ಹೆಸರಿನಲ್ಲಿದೆಯಮ್ಮ?"

"ನಮ್ಮ ಮನೆಯೋರ ಹೆಸರಲ್ಲಿ."

"ನಿನ್ನ ಹೆಸರಿನಲ್ಲಿ ಏನೂ ಇಲ್ಲ. ಹೀಗಿರುವಾಗ ಸೊಪ್ಪಿನ ಹಕ್ಕು ನಿನಗೆ ಎಲ್ಲಿಂದ ಬಂತು?"

"ಅದು ನಂಗೆ ಗೊತ್ತಿಲ್ಲ ಸ್ವಾಮಿ. ಗದ್ದೆ ಅವರದು. ತಂದು ತುಳಿದೋಳು ನಾನು."

ಬೆಂಚಿನ ಮೇಲೆ ಕೂತಿದ್ದ ಸಿದ್ದಯ್ಯನಿಗೆ ನಾಲ್ಕು ಜನರ ಮುಂದೆ ಮರ್ಯಾದೆ ಹೋದ ಹಾಗಾಯಿತು. ಊರಿಗೆ ಬರುವ ದಾರಿಯಲ್ಲಿ ಅದನ್ನು ಹೇಳಬೇಕೆಂದು ಅವನು ಬಾಯಿ ತೆರೆದ. ಅವಳು ಮುಂದೆ ನಡೆಯುತ್ತಿದ್ದಳು. ಹಿಮ್ಮಡಿಯ ಒಡಕುಗಳಲ್ಲಿ ಗದ್ದೆಯ ಕೆಸರು ಕಪ್ಪಾಗಿ ಕೂತಿತ್ತು. ಅದು ಅವನಿಗೆ ಹೊಸದಲ್ಲ, ದಿನಾ ಕಾಣುತ್ತಿದ್ದದ್ದೇ. ಆದರೂ ಆಡಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು.

ತೀರ್ಪಿನ ದಿನ ನಾಟಿಯ ಕೆಲಸ ಇತ್ತು. ಅವಳು ಹೋಗಲಿಲ್ಲ. ಸಿದ್ದಯ್ಯ ಒಬ್ಬನೇ ಹೋಗಿ, ಇಂಗ್ಲಿಷಿನಲ್ಲಿ ಓದಿದ್ದನ್ನು ಅರ್ಥವಾಗದೆ ಕೇಳಿ, ಯಜ್ಞನಾರಾಯಣರು ಬಿಡಿಸಿ ಹೇಳಿದ್ದನ್ನು ಮರೆಯದಂತೆ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದು, ಗದ್ದೆಯ ಬದುವಿನ ಮೇಲೆ ನಿಂತು ಒಪ್ಪಿಸಿದ: "ಗೆದ್ವಿ. ತಲೆಹೊರೆ ಮಾತ್ರ, ಗಾಡಿ ತರಂಗಿಲ್ಲ. ರೆಂಬೆ ಮಾತ್ರ, ಬೊಡ್ಡೆ ಮುಟ್ಟಂಗಿಲ್ಲ. ಮಳೆ ಹಿಡಿಯೋ ಮುಂಚೆ. ವಾಡಿಕೆ ಬಿಡಂಗಿಲ್ಲ."

ಅವಳು ಸೊಂಟ ನೆಟ್ಟಗೆ ಮಾಡಿ ನಿಂತು, "ಗಾಡ್ಯಾ?" ಎಂದಳು. "ನಮಗೆಲ್ಲಿದೆ ಗಾಡಿ?" ಎಂದು ನಕ್ಕಳು. ನಕ್ಕು ಮತ್ತೆ ಬಾಗಿ ಸಸಿ ಊರತೊಡಗಿದಳು.

*

ಗುಂಡಿಗೆ ಇಳಿಸಿದಾಗ ಸಿದ್ದಯ್ಯ ಆ ನಗುವನ್ನು ನೆನಪಿಸಿಕೊಳ್ಳಲು ನೋಡಿದ. ನಕ್ಕದ್ದು ನೆನಪಿತ್ತು, ನಗು ಕೇಳಿಸಲಿಲ್ಲ. ಮೂರು ಹಿಡಿ ಮಣ್ಣು ಹಾಕು ಎಂದರು, ಹಾಕಿದ. ಪಕ್ಕಕ್ಕೆ ಸರಿ ಎಂದರು, ಸರಿದ. ಮೇಲೆ ಮುಳ್ಳಿನ ಕಂಟಿ ಇಟ್ಟು, ಕಲ್ಲು ಹೇರಿ, ನೀರು ಚಿಮುಕಿಸಿ ಎಲ್ಲರೂ ಕೆರೆಗೆ ಇಳಿದರು. ಬೇಸಿಗೆಯ ಕೆರೆ, ನೀರು ತಳ ಹಿಡಿದಿತ್ತು. ಸಿದ್ದಯ್ಯ ಮಂಡಿ ಊರಿ ಕೂತು ತಲೆಯ ಮೇಲೆ ಬೊಗಸೆಯಲ್ಲಿ ನೀರು ಹೊಯ್ದುಕೊಂಡ.

ಅವನು ಮೇಲೆ ಬಂದು ಒದ್ದೆ ಪಂಚೆಯಲ್ಲೇ ಏರಿಯ ಮೇಲೆ ಕೂತಿದ್ದಾಗ ರಸ್ತೆಯ ಕಡೆಯಿಂದ ಗಾಡಿ ಬಂತು. ಅಷ್ಟು ಬೇಗ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಎತ್ತುಗಳ ಬಾಯಲ್ಲಿ ನೊರೆ ಬಂದಿತ್ತು. ಗಾಡಿ ನಿಲ್ಲುವ ಮುಂಚೆಯೇ ಪ್ರೇಮಮ್ಮ ಹಾರಿಕೊಂಡಳು. ಒದ್ದೆ ಬಟ್ಟೆಯ ಗಂಡಸರನ್ನೂ, ತೊಳೆದಿಟ್ಟ ಹಾರೆ ಗುದ್ದಲಿಗಳನ್ನೂ ನೋಡಿದಳು.

"ಆಗೋಯ್ತಾ?"

ಗಣಪಯ್ಯ ಏರಿಯ ಕೆಳಗೆ ಕೈ ತೋರಿಸಿದರು.

"ಅಪ್ಪ, ಎತ್ತುಗಳನ್ನ ನೀರಿಗೂ ಬಿಡದೆ ಓಡಿಸ್ಕೊಂಡು ಬಂದ್ವಿ. ಒಂದು ಗಳಿಗೆ ಕಾಯಕ್ಕಾಗ್ಲಿಲ್ವಾ? ಯಾಕಪ್ಪ?"

"ಅಮಲ್ದಾರ್ ಸಾಹೇಬ್ರು ಬರೋದಿತ್ತು," ಎಂದ ಸಿದ್ದಯ್ಯ.

ಪ್ರೇಮಮ್ಮ ಅವನ ಮುಖವನ್ನು, ಅದರಲ್ಲಿ ಇನ್ನೇನಾದರೂ ಇದೆಯೇ ಎಂದು ಹುಡುಕುವ ಹಾಗೆ ನೋಡಿದಳು. ಏನೂ ಇರಲಿಲ್ಲ. ಅವಳು ಏರಿ ಇಳಿದು, ಯಾರು ಬೇಡವೆಂದರೂ ಕೇಳದೆ, ಹಸಿ ಮಣ್ಣಿನ ದಿಬ್ಬದ ಹತ್ತಿರ ಹೋಗಿ ಕುಸಿದಳು. ಹೊನ್ನಯ್ಯ ಅವಳ ಪಕ್ಕ ಹೋಗಿ ಕೂತ. ಅಣ್ಣ ತಂಗಿ ಇಬ್ಬರ ಅಳುವೂ ಏರಿಯ ಮೇಲಕ್ಕೆ ಕೇಳುತ್ತಿತ್ತು. ಸಿದ್ದಯ್ಯ ಪಂಚೆಯ ಅಂಚು ಹಿಂಡಿದ. ಹಿಂಡಿದಷ್ಟೂ ನೀರು ಬರುತ್ತಿತ್ತು.

"ಬಂದ್ರು," ಎಂದರು ಗಣಪಯ್ಯ.

ಗುಡ್ಡದ ದಾರಿಯಲ್ಲಿ ಹೆಂಗಸರು ಇಳಿದು ಬರುತ್ತಿದ್ದರು. ದೂರಕ್ಕೆ ಹಸಿರು ಪೊದೆಗಳೇ ಸಾಲಾಗಿ ನಡೆದು ಬಂದ ಹಾಗೆ ಕಾಣುತ್ತಿತ್ತು. ಏರಿಯ ಹತ್ತಿರ ಬಂದಂತೆ ಒಬ್ಬರು ಇನ್ನೊಬ್ಬರ ಹೊರೆ ಇಳಿಸಿಕೊಂಡರು. ಕೊಯ್ದ ಮತ್ತಿ ಸೊಪ್ಪಿನ ಒಗರು ವಾಸನೆ ಏರಿಯನ್ನೆಲ್ಲ ತುಂಬಿತು. ಕೊನೆಯಲ್ಲಿ ಬಂದವಳು ಶಾಂತಮ್ಮ. ಅವಳ ತಲೆಯ ಮೇಲೂ ಹೊರೆ ಇತ್ತು.

ಗಣಪಯ್ಯ ಅವಳನ್ನೇ ನೋಡಿದರು.

"ನಾನು ಕುಡುಗೋಲು ಮುಟ್ಲಿಲ್ಲ ಪಟೇಲ್ರೇ," ಎಂದಳು ಹೊರೆಯ ಕೆಳಗಿನಿಂದ. "ಬೇರೆಯೋರು ಕೊಯ್ದಿದ್ದು. ಹೊತ್ಕೊಂಡು ಬಂದೆ ಅಷ್ಟೆ."

"ಸಾಹೇಬ್ರು?"

"ಬಂದಿದ್ರು. ಕಲ್ಲಿಂದ ಕಲ್ಲಿಗೆ ನಡೆಸ್ಕೊಂಡು ತೋರ್ಸಿದೆ. ಇದೆಲ್ಲ ಇವತ್ತು ತೋರ್ಸೋಕೆ ಮಾಡಿರೋ ಆಟ ಸ್ವಾಮಿ ಅಂದ ಕೊಟ್ರಬಸಪ್ಪ. ಗಂಡಸರೆಲ್ಲ ಎಲ್ಲಿ ಅಂತ ಸಾಹೇಬ್ರು ಕೇಳಿದ್ರು. ಮಣ್ಣಿಗೆ ಹೋಗಿದಾರೆ ಅಂದೆ. ಯಾರದು ಅಂದ್ರು. ಹೆಸರು ಹೇಳ್ದೆ."

"ಏನಂದ್ರು?"

"ಟೋಪಿ ತೆಗೆದು ಬೆವರು ಒರೆಸ್ಕೊಂಡ್ರು. ಆಮೇಲೆ, ವಾಡಿಕೆ ನಡೀತಾ ಇದೆ ಅಂತ ಬರೀತೀನಿ ಅಂದ್ರು. ಈ ವರ್ಷ ಗುಡ್ಡ ನಮ್ಮದೇ. ಬರೋ ವರ್ಷ ಮತ್ತೆ ಬಂದು ನೋಡ್ತಾರಂತೆ."

"ಬರೋ ವರ್ಷನೂ?"

"ಹೂಂ. ಇನ್ನು ವರ್ಷ ವರ್ಷನೂ ಅಂತೆ."

ಶಾಂತಮ್ಮನ ಕತ್ತು ನಡುಗುತ್ತಿತ್ತು. ಉಳಿದ ಹೆಂಗಸರು ಆಗಲೇ ಕೆರೆಯ ನೀರಿಗೆ ಇಳಿದಿದ್ದರು; ಅವಳು ಸೂತಕದ ಮನೆಯವಳು, ಮಿಂದು ಬಂದ ಗಂಡಸರು ಮುಟ್ಟುವ ಹಾಗಿರಲಿಲ್ಲ; ಅವಳ ಗಂಡ ಅಲ್ಲಿ ಕೆಳಗೆ ತಂಗಿಯ ಪಕ್ಕ ಕೂತಿದ್ದ.

"ಯಾರಾದ್ರೂ ಇಳಿಸ್ರಪ್ಪ," ಎಂದಳು.

ಸಿದ್ದಯ್ಯ ಎದ್ದ. ಎದುರು ನಿಂತು ಎರಡೂ ಕೈ ಚಾಚಿ ಹೊರೆಯ ಅಡಿಗೆ ಹಾಕಿ, ಮಂಡಿ ಬಗ್ಗಿಸಿ, ಅವಳ ತಲೆಯಿಂದ ಎತ್ತಿಕೊಂಡ. ಶಾಂತಮ್ಮ ಹಿಂದಕ್ಕೆ ಸರಿದು ಕತ್ತು ತಿಕ್ಕಿಕೊಂಡಳು. ಕೆಳಗೆ ಹಾಕುತ್ತಾನೆಂದು ಎಲ್ಲರೂ ಜಾಗ ಬಿಟ್ಟರು. ಅವನು ಹಾಕಲಿಲ್ಲ. ಹೊರೆಯನ್ನು ತನ್ನ ಒದ್ದೆ ತಲೆಯ ಮೇಲೆ ಇಟ್ಟುಕೊಂಡು ನಿಂತ. ಮತ್ತಿಯ ಎಳೆಯ ರೆಂಬೆಗಳು ಹೆಗಲಿನವರೆಗೂ ಇಳಿಬಿದ್ದು ಅವನ ಮುಖ ಮುಚ್ಚಿದವು.

"ಮಾವ, ಇಳಿಸಿ. ಇಲ್ಲೇ ಹಾಕಿ," ಎಂದಳು ಶಾಂತಮ್ಮ.

ಪ್ರೇಮಮ್ಮ ದಿಬ್ಬದಿಂದ ಎದ್ದು ಏರಿ ಹತ್ತಿ ಬಂದಳು. "ಅಪ್ಪ," ಎಂದಳು. ಇನ್ನೂ ಹತ್ತಿರ ಬಂದಳು. "ಇಳಿಸಪ್ಪ."

ಗಾಳಿ ಇರಲಿಲ್ಲ. ಅವನ ಮುಖದ ಮುಂದಿನ ಎಲೆಗಳು ಮಾತ್ರ ಅಲ್ಲಾಡುತ್ತಿದ್ದವು.